ಹೊರಗಿನಿಂದ ಹಾಕಿದ ಚಿಲಕ

ಬೇಸಿಗೆ ಮುಗಿಯುತ್ತಾ ಬಂದಿತ್ತು. ಮೋಡ ಕಟ್ಟುತ್ತಿತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ಹೊತ್ತು ಇಳಿಯುವ ವೇಳೆಗೆ ಅಕ್ಕ ಬಡಗಿಯನ್ನು ಕರೆಸಿ ತಮ್ಮನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದಳು.

ಬಡಗಿ ತಿರುಪು ಬಿಗಿಯುತ್ತಾ ನಕ್ಕ. "ಅಕ್ಕಾ, ಹೊರಗೆ ಚಿಲಕ ಹಾಕೋದು ಕುರಿದೊಡ್ಡಿಗೆ. ಮನುಷ್ಯರು ಮಲಗೋ ಕೋಣೆಗೆ ನಾನು ಇದೇ ಮೊದಲು ಹಾಕ್ತಿರೋದು."

"ಕುರಿಗಾದ್ರೆ ಬುದ್ಧಿ ಇರುತ್ತಪ್ಪ. ಸಂಜೆ ಆದ್ರೆ ತಾನೇ ಮನೆಗೆ ಬರುತ್ತೆ. ನೀನು ಕೆಲಸ ನೋಡು."

ಆ ಬೀದಿಗೆಲ್ಲ ಅವಳು ಅಕ್ಕನೇ. ಹೊಲಿಗೆ ಅವಳ ಕಸುಬು. ಮುಂದಿನ ಕೋಣೆಯಲ್ಲಿ ಮೆಷಿನ್ನು, ಅದರ ಪಕ್ಕ ಚಿಂದಿ ಬಟ್ಟೆಯ ಬುಟ್ಟಿ, ಕಿಟಕಿಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು. ಹೆತ್ತವರು ಬೇಗ ಕಣ್ಣು ಮುಚ್ಚಿದ್ದರಿಂದ ತಮ್ಮನನ್ನು ಸಾಕಿದವಳೂ ಮದುವೆ ಮಾಡಿದವಳೂ ಅವಳೇ. ತಮ್ಮ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಮೊದಲಿಗೆ ಅವನು ಕುಡಿಯುವವನೇ ಅಲ್ಲ. ಕೆಮ್ಮಿನ ಔಷಧಿ ಕುಡಿಯುವುದಕ್ಕೂ ಮುಖ ಹಿಂಡುತ್ತಿದ್ದವನು. ಒಂದು ದಿನ ಫ್ಯಾಕ್ಟರಿಯಲ್ಲಿ ಗ್ಯಾಸ್ ಸೋರಿತು. ಅವನ ಜೊತೆಗಾರ, ಎಲ್ಲರೂ ಕುಳ್ಳ ಅಂತ ಕರೆಯುತ್ತಿದ್ದ ಹುಡುಗ, ತೀರಿಕೊಂಡ. ಕುಡಿತ ಶುರುವಾದದ್ದು ಆಮೇಲೆ. ಚಿಕಿತ್ಸಾ ಕೇಂದ್ರಕ್ಕೆ ಹೋಗಿ ಬಿಟ್ಟು ಬಂದ. ಮತ್ತೆ ಹಿಡಿದ. ಮತ್ತೆ ಹೋದ. ಈಗ ಮತ್ತೆ ಬಿಟ್ಟು, ಅದೇ ದಿನ ಬೆಳಿಗ್ಗೆ ಮನೆಗೆ ಬಂದಿದ್ದ. ಇನ್ನೊಮ್ಮೆ ಕುಡಿತಕ್ಕೆ ಬಿದ್ದರೆ ಲಿವರ್ ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಬಡಗಿ ಹೋದ ಮೇಲೆ ತಮ್ಮನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. "ಅತ್ತಿಗೆ, ಈ ಸಲ ಅವರು ಕುಡಿದ್ರೆ ನಾನು ಮಗಳನ್ನ ಕರ್ಕೊಂಡು ತವರಿಗೆ ಹೊರಟುಬಿಡ್ತೀನಿ. ಬ್ಯಾಗು ಕಟ್ಟಿಟ್ಟಿದ್ದೀನಿ. ಬೈಕೋಬೇಡಿ."

"ಬೈಯೋಕೆ ನನಗೆ ಬಾಯಿ ಎಲ್ಲಿದೆಯಮ್ಮಾ? ಅದಕ್ಕೇ ಈ ಚಿಲಕ. ಹೆಂಡದಂಗಡಿ ತೆರೆದಿರೋ ಹೊತ್ತೊಂದು ದಾಟಿಸಿಬಿಟ್ರೆ ಆಯ್ತು."

"ಅವರಿಗೆ ಒಂದು ಮಾತು ಹೇಳಿ ಹಾಕೋಣ."

"ಹೇಳಿದ್ರೆ ಒಳಗೆ ಹೋಗ್ತಾನಾ? ಸುಮ್ನಿರು."

ತಮ್ಮ ಬೇಗ ಉಂಡು, ತಲೆ ಭಾರ ಎಂದು ಕೋಣೆಗೆ ಹೋಗಿ ಮಲಗಿದ. ಅಕ್ಕ ಬಾಗಿಲು ಎಳೆದು ಚಿಲಕ ತಳ್ಳಿದಳು. ಹೊಸ ಕಬ್ಬಿಣ, ಖಟಾರ್ ಎಂದು ಬಿತ್ತು.

ಒಳಗೆ ಮಂಚ ಸರಿದ ಸದ್ದು. ಬಾಗಿಲಿಗೆ ಒಂದು ಏಟು, ಅದರ ಹಿಂದೆ ಇನ್ನೊಂದು.

"ತೆಗೀರಿ! ಬಾಗಿಲು ತೆಗೀರಿ!"

ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಮಲಕ್ಕೋ ಮಗಾ. ಬೆಳಿಗ್ಗೆ ತೆಗೀತೀನಿ."

"ಅಕ್ಕಾ, ಅವನು ಒಳಗಿದ್ದಾನೆ! ತೆಗಿ, ಅವನು ಒಳಗೇ ಇದ್ದಾನೆ!"

ಏಟು ಬಿದ್ದ ಹಾಗೆಲ್ಲ ಬಾಗಿಲಿನ ಜೊತೆ ಅವಳ ಬೆನ್ನೂ ಅದುರುತ್ತಿತ್ತು. ಮಗು ಅಳತೊಡಗಿತು. ತಮ್ಮನ ಹೆಂಡತಿ ಓಡಿಬಂದು ಚಿಲಕಕ್ಕೆ ಕೈಹಾಕಿದಳು. ಅಕ್ಕ ಆ ಕೈಯನ್ನು ಹಿಡಿದುಕೊಂಡಳು. "ಮನಸ್ಸು ಗಟ್ಟಿ ಮಾಡ್ಕೋ. ಈಗ ತೆಗೆದ್ರೆ ನೇರ ಅಂಗಡಿಗೇ ಓಡ್ತಾನೆ. ನಿನ್ನ ಬ್ಯಾಗು ನೆನಪಿದೆ ತಾನೆ?"

ಗಲಾಟೆ ಕೇಳಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಎದುರು ಮನೆಯ ನರ್ಸಮ್ಮ ಒದ್ದೆ ಕೈಯಲ್ಲೇ ಬಂದಳು. "ಏನಕ್ಕಾ ಇದು? ಯಾರನ್ನ ಕೂಡಿ ಹಾಕಿದ್ದೀರಿ?"

"ನನ್ನ ತಮ್ಮನ್ನ. ಕುಡಿತದ ಭೂತ ಮೆಟ್ಟಿಕೊಂಡು ಕುಣಿಸ್ತಿದೆ. ನೀನು ನಿನ್ನ ಮನೆಗೆ ಹೋಗವ್ವ."

ನರ್ಸಮ್ಮ ಹೋಗಲಿಲ್ಲ. ಬಾಗಿಲಿಗೆ ಕಿವಿಯಿಟ್ಟು ಕೇಳಿದಳು. "ಅಕ್ಕಾ, ಕುಡಿಯೋಕೆ ಹೋಗೋನು 'ನನ್ನ ಬಿಡಿ' ಅಂತಾನೆ. ಇವನು 'ಅವನು ಒಳಗಿದ್ದಾನೆ' ಅಂತಿದ್ದಾನೆ. ಯಾರು ಅವನು?"

"ಐಸ್ ಫ್ಯಾಕ್ಟರೀಲಿ ಸತ್ತ ಕುಳ್ಳ ಇರ್ಬೇಕು," ಎಂದಳು ತಮ್ಮನ ಹೆಂಡತಿ. ಒಳಗೆ ಏಟಿನ ಸದ್ದು ನಿಂತುಹೋಗಿತ್ತು. ಉಸಿರಿಗೆ ಒದ್ದಾಡುವ ಸದ್ದೊಂದೇ ಕೇಳುತ್ತಿತ್ತು. ಅದನ್ನು ಕೇಳಿ ಅಕ್ಕನ ಕೈ ತಾನಾಗಿ ಹಿಂದಕ್ಕೆ ಹೋಗಿ ಚಿಲಕ ಎಳೆಯಿತು.

ತಮ್ಮ ಹೊಸ್ತಿಲಿಗೆ ಬಂದು ಕುಸಿದ. ಅಂಗೈ ಜಜ್ಜಿ ರಕ್ತ ಬಂದಿತ್ತು. ಅಂಗಿಯೆಲ್ಲ ಬೆವರು. ಕಣ್ಣು ತೆರೆದೇ ಇತ್ತು, ಆದರೆ ಎದುರಿಗಿದ್ದವರನ್ನು ಅದು ನೋಡುತ್ತಿರಲಿಲ್ಲ. ಅಕ್ಕ ಹೆಗಲು ಹಿಡಿದು ಅಲುಗಾಡಿಸಲು ಹೋದಳು. ನರ್ಸಮ್ಮ ತಡೆದು, ಸ್ವಲ್ಪ ದೂರದಲ್ಲಿ ನೆಲಕ್ಕೆ ಕೂತಳು.

"ಅಣ್ಣಾ, ನಾನು ಎದುರು ಮನೆಯವಳು. ಬಾಗಿಲು ತೆರೆದಿದೆ, ನೋಡು. ಕಾಲು ನೆಲಕ್ಕೆ ಊರು. ನೆಲ ತಣ್ಣಗಿದೆಯಾ, ಬೆಚ್ಚಗಿದೆಯಾ?"

ಅವನು ಅಂಗಾಲನ್ನು ನೆಲಕ್ಕೆ ಒತ್ತಿದ. "ಬೆಚ್ಚಗಿದೆ."

"ಹಾಗಾದ್ರೆ ಇದು ಐಸ್ ಫ್ಯಾಕ್ಟರಿ ಅಲ್ಲ. ಇದು ನಿನ್ನ ಮನೆ. ಆ ಕಿಟಕೀಲಿ ಏನು ನೇತಾಡ್ತಿದೆ?"

"ಅಂಗಿ." ಉಸಿರು ಎಳೆದುಕೊಂಡ. "ತೋಳು ಇಲ್ಲದ ಅಂಗಿ. ಅಕ್ಕ ಇನ್ನೂ ಹೊಲಿದಿಲ್ಲ."

"ಅವಳದ್ದು ಯಾವಾಗ್ಲೂ ಹಾಗೇ. ನನ್ನ ರವಿಕೆನೂ ಇನ್ನೂ ಕೊಟ್ಟಿಲ್ಲ," ಎಂದಳು ನರ್ಸಮ್ಮ.

ಅವನ ತುಟಿ ಸ್ವಲ್ಪ ಸಡಿಲವಾಯಿತು. ಹೆಂಡತಿ ನೀರು ತಂದು ಕೊಟ್ಟಳು. ಅರ್ಧ ಕುಡಿದು, ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದ. "ಬಾಗಿಲು ಹಾಕಿದ್ದು ನಾನೇ ಅಕ್ಕ."

ಫ್ಯಾಕ್ಟರಿಯಲ್ಲಿ ಒಂದು ಕಟ್ಟಳೆ ಇತ್ತು. ಗ್ಯಾಸ್ ಸೋರಿ ಸೈರನ್ ಕೂಗಿದರೆ, ಐಸ್ ಕೋಣೆಯಿಂದ ಕೊನೆಗೆ ಹೊರಬಂದವನು ಒಂದು ಸಲ ಕೂಗಿ, ಬಾಗಿಲು ಮುಚ್ಚಿ, ಅಗುಳಿ ಬೀಳಿಸಬೇಕು. ಇಲ್ಲದಿದ್ದರೆ ಗ್ಯಾಸು ಎಲ್ಲರನ್ನೂ ಹಿಡಿಯುತ್ತದೆ. ತಮ್ಮ ಕೂಗಿದ. ಉತ್ತರ ಬರಲಿಲ್ಲ. ಅಗುಳಿ ಬೀಳಿಸಿದ. ಕುಳ್ಳ ಚಳಿಗೆ ಕಿವಿ ಮುಚ್ಚಿ ಬಟ್ಟೆ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಐಸ್ ಜೋಡಿಸುತ್ತಿದ್ದ, ಕೂಗು ಅವನಿಗೆ ಕೇಳಿಸಿರಲೇ ಇಲ್ಲ.

"ದಿನಾ ಸಂಜೆ ನಮ್ಮ ಬೀದಿ ಅಂಗಡಿಯವರು ಷಟರ್ ಎಳೀತಾರಲ್ಲ, ನನಗೆ ಅಗುಳಿ ಬಿದ್ದ ಹಾಗೇ ಕೇಳುತ್ತೆ. ಕುಡಿದ್ರೆ ಕೇಳಲ್ಲ. ಅವನು ಒಳಗಿಂದ ಬಾಗಿಲು..."

"ಸಾಕಣ್ಣಾ," ನರ್ಸಮ್ಮ ಅಲ್ಲಿಗೇ ನಿಲ್ಲಿಸಿದಳು. "ಇವತ್ತೇ ಎಲ್ಲಾ ಹೇಳಬೇಕಾಗಿಲ್ಲ. ಅದನ್ನ ಕೇಳೋಕೆ ಕಲಿತವರು ಬೇರೆ ಇದ್ದಾರೆ. ಕೇಂದ್ರದಲ್ಲಿ ಇದನ್ನ ಹೇಳಿದ್ಯಾ?"

ತಮ್ಮ ಇಲ್ಲವೆಂದು ತಲೆಯಾಡಿಸಿದ. ಅವನ ಹೆಂಡತಿ ಅಕ್ಕನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ಕೇಂದ್ರದವರು ಕೇಳಿದ್ರು. ಹಿಂದೆ ಏನಾದ್ರೂ ಆಗಿತ್ತಾ ಅಂತ. ಹೋದಾಗಲೆಲ್ಲ ಕೇಳಿದ್ರು. ಅತ್ತಿಗೆನೇ ಇವರ ಬದಲು ಉತ್ತರ ಕೊಟ್ಟುಬಿಟ್ರು, ಏನಿಲ್ಲ, ಸಹವಾಸ ದೋಷ ಅಂತ."

"ಮತ್ತೇನು ಹೇಳ್ಬೇಕಿತ್ತು?" ಅಕ್ಕ ಸಿಡಿದಳು. "ಮನೆ ಮಾತು ಬೀದಿಗೆ ಹಾಕಲಾ? ಸತ್ತವನ ಸುದ್ದಿ ಕೆದಕಿದ್ರೆ ಇವನ ಕುಡಿತ ಬಿಟ್ಟುಹೋಗುತ್ತಾ? ಹುಣ್ಣು ಕೆದಕಿದ್ರೆ ದೊಡ್ಡದಾಗುತ್ತೆ ಹೊರತು ಮಾಯಲ್ಲ."

"ಉಗುರಲ್ಲಿ ಕೆದಕಿದ್ರೆ ದೊಡ್ಡದಾಗುತ್ತೆ. ಡಾಕ್ಟರು ತೊಳೆದು ಮದ್ದು ಹಾಕಿದ್ರೆ? ಇದಕ್ಕೆ ಆಘಾತದ ಚಿಕಿತ್ಸೆ ಅಂತಾರೆ ಅಕ್ಕ. ಕುಡಿತ ಬಿಡಿಸೋ ಚಿಕಿತ್ಸೆ ಜೊತೇಲೇ ಕೊಡ್ತಾರೆ. ಮೊದಲು ಭಯ ಬಂದಾಗ ನಿಲ್ಲೋದು ಹೇಗೆ ಅಂತ ಕಲಿಸ್ತಾರೆ. ಆಮೇಲೆ ಅವನು ಒಪ್ಪಿದಷ್ಟೇ, ಅವನಿಗೆ ತಡೆಯೋ ಅಷ್ಟೇ, ನಿಧಾನಕ್ಕೆ ಮಾತು. ಬೇಕಾದ್ರೆ ಡಾಕ್ಟರು ಮಾತ್ರೆನೂ ಕೊಡ್ತಾರೆ. ಕುಡಿತ ಹೊಗೆ ಇದ್ದ ಹಾಗೆ, ಬೆಂಕಿ ಒಳಗಿದೆ. ನಾವೆಲ್ಲ ಹೊಗೆಗೆ ಬೀಸಣಿಗೆ ಹಿಡಿದು ಕೂತಿದ್ದೀವಿ."

ಅಕ್ಕ ಒಪ್ಪಲಿಲ್ಲ. ಆದರೆ ಚಿಲಕವನ್ನೂ ಮತ್ತೆ ಹಾಕಲಿಲ್ಲ. ತಮ್ಮ ತೆರೆದ ಬಾಗಿಲ ಬಳಿ ಮಲಗಿದ. ಅವನು ಎದ್ದು ಹೋದರೆ ಹೋದ, ತಮ್ಮನ ಹೆಂಡತಿಯೂ ಹೋದಳು, ಮಗುವೂ ಹೋಯಿತು ಎಂದುಕೊಂಡು ಅಕ್ಕ ಮೆಷಿನ್ ಮುಂದೆ ಕೂತಳು. ಅವನು ಎದ್ದು ಹೋಗಲಿಲ್ಲ.

ಬೆಳಗಾಗುತ್ತಲೇ ನರ್ಸಮ್ಮನ ರವಿಕೆ ಹೊಲಿಯಲು ತೊಡಗಿದಳು. ಹೊಲಿಗೆಯ ಮಧ್ಯೆ ಸೂಜಿ ಟಕ್ ಎಂದು ಮುರಿಯಿತು. ಬುಡ ಮೆಷಿನ್‌ನಲ್ಲೇ ಉಳಿಯಿತು, ಮೊನೆ ಕಾಣಲಿಲ್ಲ. ಮೊನೆ ಸಿಗದೆ ಬಟ್ಟೆ ಕೊಡಬಾರದು, ಇದು ಅವಳು ಕಸುಬು ಕಲಿತ ದಿನದಿಂದ ಪಾಲಿಸಿದ ನೇಮ. ಮೇಲೆ ಎಷ್ಟು ಚೆಂದ ಇಸ್ತ್ರಿ ಹೊಡೆದರೂ ಒಳಗಿನ ಮೊನೆ ಒಂದಲ್ಲ ಒಂದು ದಿನ ತೊಟ್ಟವರ ಮೈಗೆ ಚುಚ್ಚುತ್ತದೆ. ಹೊಲಿಗೆ ಬಿಚ್ಚಿದಳು. ಅಯಸ್ಕಾಂತ ಹಿಡಿದು ಮಡಿಕೆ ಮಡಿಕೆ ಹುಡುಕಿದಳು. ಕಂಕುಳ ಪಟ್ಟಿಯೊಳಗೆ ಮೊನೆ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು, ತೆರೆದ ಬಾಗಿಲ ಬಳಿ ಮಲಗಿದ್ದ ತಮ್ಮನ ಕಡೆ ನೋಡಿದಳು.

ಆಮೇಲೆ ಎದ್ದು ತಮ್ಮನ ಹೆಂಡತಿಯ ಬ್ಯಾಗು ತಂದು ಅವಳ ಮುಂದಿಟ್ಟಳು. "ನಿನ್ನ ಬಟ್ಟೆ, ಮಗುವಿನ ಬಟ್ಟೆ ತೆಗಿ. ಕೇಂದ್ರಕ್ಕೆ ಹೋಗೋಕೆ ಇವನ ಅಂಗಿ ಹಾಕು. ನರ್ಸಮ್ಮನ ಕೇಳು, ಆ ಚಿಕಿತ್ಸೆಯವರು ಯಾವತ್ತು ಸಿಗ್ತಾರಂತೆ?"

ಗುರುವಾರ ಸಿಗುತ್ತಿದ್ದರು. ಗುರುವಾರ ಕೇಂದ್ರದ ಕೋಣೆಯಲ್ಲಿ ಆಪ್ತ ಸಲಹೆಗಾರ್ತಿ ಅದೇ ಪ್ರಶ್ನೆ ಕೇಳಿದಳು. ಹಿಂದೆ ಏನಾದರೂ ಆಗಿತ್ತಾ? ಅಕ್ಕನ ಬಾಯಿಗೆ ಉತ್ತರ ಬಂದೇಬಿಟ್ಟಿತ್ತು. ಸೂಜಿಗೆ ದಾರ ಪೋಣಿಸುವಾಗ ಬಿಗಿಯುವ ಹಾಗೆ ತುಟಿ ಬಿಗಿದುಕೊಂಡಳು. ಕೋಣೆಯ ಬಾಗಿಲು ಮುಚ್ಚಿತ್ತು. ತಮ್ಮ ಅದನ್ನೇ ನೋಡುತ್ತಿದ್ದ. "ಇದನ್ನ ಸ್ವಲ್ಪ ತೆರೆದಿಡ್ತೀರಾ ಮೇಡಂ?" ಎಂದ. ಸಲಹೆಗಾರ್ತಿ ಎದ್ದು ತೆರೆದಿಟ್ಟಳು. ಅವನು ಹೇಳತೊಡಗಿದ. ಅಕ್ಕ ಹೊರಗಿನ ಬೆಂಚಿಗೆ ಹೋಗಿ ಕೂತಳು.

ಮಾಟ ಮಾಡಿದ ಹಾಗೆ ಎಲ್ಲಾ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಳೆಗಾಲದ ನಡುವೆ ಒಂದು ಸಂಜೆ ಅವನು ಕುಡಿದು ಬಂದ. ತಮ್ಮನ ಹೆಂಡತಿಯ ಕಣ್ಣು ಅಟ್ಟದ ಮೇಲಿದ್ದ ಬ್ಯಾಗಿನ ಕಡೆ ಹೋಯಿತು. ಆದರೆ ಈ ಸಲ ಅವನೇ ಹೊಸ್ತಿಲಾಚೆ ನಿಂತು, "ಕುಡಿದೆ. ಬೆಳಿಗ್ಗೆ ಕೇಂದ್ರಕ್ಕೆ ಹೋಗ್ಬೇಕು, ಜೊತೆಗೆ ಬರ್ತೀಯಾ?" ಎಂದು ಕೇಳಿದ. ಅವಳು ಹೋದಳು. ಚಿಕಿತ್ಸೆ ನಿಲ್ಲಲಿಲ್ಲ. ಅಂಗಡಿಯ ಷಟರ್ ಈಗಲೂ ಬೀಳುತ್ತದೆ. ಅವನು ಕಾಲು ನೆಲಕ್ಕೆ ಊರಿ, ಬೆಚ್ಚಗಿದೆಯಾ ತಣ್ಣಗಿದೆಯಾ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಬಡಗಿ ಬಂದು ಚಿಲಕ ಕಿತ್ತು ಹೋದ. "ಕುರಿದೊಡ್ಡಿಗೆ ಹಾಕ್ಕೋತೀನಿ," ಎಂದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಿಟ್ಟು ಬಿಟ್ಟು ಮತ್ತೆ ಕುಡಿತಕ್ಕೆ ಬೀಳುವವರು ಇರಬಹುದು. ಬೈದು ನೋಡಿದ್ದೀರಿ, ಆಣೆ ಹಾಕಿಸಿದ್ದೀರಿ, ಬೀಗವನ್ನೂ ಹಾಕಿರಬಹುದು. ಈ ಕುಡಿತ ಶುರುವಾಗುವ ಮುಂಚೆ ಏನಾಗಿತ್ತು ಎಂದು ಒಮ್ಮೆ ನೆನೆಸಿಕೊಳ್ಳಿ. ಒಂದು ಸಾವು, ಒಂದು ಅಪಘಾತ, ಚಿಕ್ಕಂದಿನಲ್ಲಿ ತಿಂದ ಹೊಡೆತ, ಯಾರಿಗೂ ಹೇಳಲಾಗದ ಅವಮಾನ. ನೀವೇ ಕೆದಕಿ ಕೇಳಬೇಡಿ. ಕೇಂದ್ರದ ಡಾಕ್ಟರ ಹತ್ತಿರ, ಆಪ್ತ ಸಲಹೆಗಾರರ ಹತ್ತಿರ ಆಘಾತದ ಚಿಕಿತ್ಸೆಯನ್ನೂ ಕೇಳಿ. ಅವರು ಪ್ರಶ್ನೆ ಕೇಳಿದಾಗ ಮರ್ಯಾದೆಗೆ ಅಂಜಿ ಅವನ ಬದಲು ನೀವು ಉತ್ತರ ಕೊಡಬೇಡಿ. ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದ ಪ್ರಾಣಕ್ಕೇ ಅಪಾಯ ಆಗಬಹುದು. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ ಎಡವಿದರೆ ಬಾಗಿಲು ಮುಚ್ಚಬೇಡಿ. ಚಿಕಿತ್ಸೆಗೆ ಮರಳುವ ದಾರಿ ಯಾವತ್ತೂ ಇದೆ.

ಚಳಿ ಶುರುವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ತಮ್ಮ ಒಗೆದ ಅಂಗಿ ತೊಟ್ಟು ಮುಂದಿನ ಕೋಣೆಗೆ ಬಂದ. "ಕುಳ್ಳನ ಅಮ್ಮನ್ನ ನೋಡ್ಕೊಂಡು ಬರ್ತೀನಿ ಅಕ್ಕ," ಎಂದ.

"ನಾನೂ ಬರ್ಲಾ?"

"ಬೇಡ. ಹೇಳೋದು ನಾನೇ ಹೇಳ್ತೀನಿ."

ಅವನು ಒಬ್ಬನೇ ಹೊರಟ. ಅಕ್ಕ ಮೆಷಿನ್ ನಿಲ್ಲಿಸಿ, ಅವನು ಬೀದಿ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದಳು. ಬಾಗಿಲು ಹಾಗೇ ತೆರೆದಿತ್ತು.