ಓಣಿಯ ಒಂದೇ ಒಲೆ

ಬನಶಂಕರೆವ್ವ ಒಲೆಗೆ ಬೆಂಕಿ ಹಚ್ಚಿ ಹೆಂಚಿಟ್ಟಳು. ಹರ್ತಿಯ ಆ ಓಣಿಯಲ್ಲಿ ಬೆಳಗಿನಿಂದ ಯಾರ ಒಲೆಯೂ ಉರಿದಿರಲಿಲ್ಲ. ಅಂಗನವಾಡಿಯ ಕಸ್ತೂರೆವ್ವ ತೀರಿಕೊಂಡಿದ್ದಳು. ವಿಜಯಪುರದಿಂದ ಮಗಳು ಬರುವತನಕ ಹೆಣ ಎತ್ತುವಂತಿರಲಿಲ್ಲ, ಹೆಣ ಎತ್ತುವತನಕ ಓಣಿಯವರು ಒಲೆ ಹಚ್ಚುವಂತಿರಲಿಲ್ಲ.

ಹೊಗೆ ಕಂಡು ಪಕ್ಕದ ಮನೆಯ ರೋಹಿಣಿ ಓಡಿಬಂದಳು.

"ಯಕ್ಕಾ, ಹೆಣ ಇನ್ನೂ ಎದ್ದಿಲ್ಲ. ಮಂದಿ ಏನಂದಾರು?"

"ಅನ್ನಲಿ. ನನ್ನ ಸೊಸಿ ಏಳು ತಿಂಗಳ ಬಸರಿ. ಮುಂಜಾನಿಂದ ಬರೇ ನೀರಿನ ಮ್ಯಾಲೆ ಅದಾಳ."

ಬಾಯಲ್ಲಿ ಹಾಗಂದರೂ ಬನಶಂಕರೆವ್ವ ಬಾಗಿಲ ಕಡೆಗೊಮ್ಮೆ ನೋಡಿದಳು. ಹೋದ ವರ್ಷ ಇಂಥದೇ ದಿನ ಚಹಾ ಕಾಸಿದವಳೊಬ್ಬಳಿಗೆ ಓಣಿಯೆದುರು ನೀರಿಳಿಸಿದವಳು ಇವಳೇ.

*

ಆರು ವರ್ಷದ ಹಿಂದೆ ಮಗ ನಂದೀಶನ ಮದುವೆ ಗೊತ್ತಾದಾಗ, ಕಸ್ತೂರೆವ್ವ ಅವನನ್ನೂ ಮದುಮಗಳು ಶಿವರಂಜನಿಯನ್ನೂ ಅಂಗನವಾಡಿಗೆ ಕರೆದು ಕೂಡಿಸಿದಳು. ಮದುವೆ ಗೊತ್ತಾದ ಜೋಡಿಗಳಿಗೆಲ್ಲ ಅವಳದೊಂದು ಪಾಠವಿತ್ತು. ಬನಶಂಕರೆವ್ವ ಜಗಳ ತೆಗೆಯಲೆಂದೇ ಹಿಂದೆ ಹೋಗಿದ್ದಳು.

"ಇನ್ನೂ ತಲಿ ಮ್ಯಾಲೆ ಅಕ್ಕಿಕಾಳ ಬಿದ್ದಿಲ್ಲ, ಈಗ ಕೂಸಿನ ಮಾತ್ಯಾಕ್ರಿ ಟೀಚರ?"

"ಕೂಸು ಕುಳ್ಳ ಉಳಿಬಾರದಂದ್ರ ಈಗ ಮಾತಾಡಬೇಕವಾ. ಹುಡುಗಿ ಮೈಯಾಗ ರಕ್ತ ತುಂಬಿದ ಮ್ಯಾಲೆ ಬಸರಾಗಲಿ. ನಿಮ್ಮ ಮನ್ಯಾಗ ಕಡೀಕ ಉಣ್ಣಾಕಿ ಯಾರು?"

"ನಾನ್ರಿ," ಎಂದಳು ಬನಶಂಕರೆವ್ವ, ಹೆಮ್ಮೆಯಿಂದ.

"ನಂದೀಶ ಹೊಟ್ಟ್ಯಾಗಿದ್ದಾಗನೂ?"

ಅವಳು ಮಗನತ್ತ ನೋಡಿದಳು. ಅವನು ಓರಗೆಯವರ ಕಿವಿಗೂ ಬರುತ್ತಿರಲಿಲ್ಲ. ಗಂಡನ ವಂಶವೇ ಹಾಗೆಂದು ಇಪ್ಪತ್ತೈದು ವರ್ಷ ಬೈದುಕೊಂಡಿದ್ದಳು. ಆ ಬಸುರಿನಲ್ಲಿ ತಾನು ಬುಟ್ಟಿಯ ತಳದ ರೊಟ್ಟಿಚೂರು ತಿಂದದ್ದು ಈಗ ನೆನಪಾಯಿತು.

"ನಿನ್ನ ತಪ್ಪಲ್ಲವಾ," ಎಂದಳು ಕಸ್ತೂರೆವ್ವ ಮೆಲ್ಲಗೆ. "ನಿನಗ ಯಾರೂ ಹೇಳಲಿಲ್ಲ."

ನಂದೀಶ ತಲೆ ತಗ್ಗಿಸಿ, "ಇಕಿ ಉಂಡ ಮ್ಯಾಲೇ ನಾ ಉಣತೀನ್ರಿ," ಎಂದ.

*

ಹೆಂಚಿನ ಮೇಲೆ ರೊಟ್ಟಿ ಬೇಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಕಸ್ತೂರೆವ್ವನ ಗಂಡ ಮುದಕಪ್ಪನೇ ಕೋಲೂರಿಕೊಂಡು ಬಂದಿದ್ದ. ರೋಹಿಣಿ ಗೋಡೆಗೆ ಸರಿದಳು. ಬನಶಂಕರೆವ್ವ ಸೆರಗು ಹೊದ್ದು ಎದ್ದು ನಿಂತಳು.

"ತಪ್ಪಾತ್ರಿ, ಅಣ್ಣಾರ..."

"ಸೊಸಿ ಉಂಡಳೇನು?"

"ಉಣ್ಣಾಕತ್ತಾಳ್ರಿ."

"ಚಲೋ ಆತು. ಹೊಗಿ ಕಂಡು ಅದನ್ನ ಕೇಳಾಕ ಬಂದೆ. ಅಕಿ ಇದ್ದಿದ್ರ ತಾನ ಬರತಿದ್ದಳು."

"ಅಕಿ ಉಪಕಾರ ಸಾಯೂತನಾ ಮರಿಯಂಗಿಲ್ರಿ," ಎಂದು ಬನಶಂಕರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಶಿವರಂಜನಿ ಎರಡನೇ ರೊಟ್ಟಿ ಮುರಿಯುತ್ತಿದ್ದಳು.

ಮಗಳು ಬಂದ ಮೇಲೆ, ಕಸ್ತೂರೆವ್ವನ ಹೆಣ ಕೂಡಿಸಿದ ವಿಮಾನ, ಹೂ ಕಟ್ಟಿದ ಬಿದಿರಿನ ಚಟ್ಟ, ನಾಲ್ವರ ಹೆಗಲ ಮೇಲೆ ಓಣಿಯಲ್ಲಿ ಹೊರಟಿತು. ನಂದೀಶ ಎತ್ತರ ಸರಿದೂಗಲೆಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲಿಟ್ಟು ಹೊತ್ತಿದ್ದ. ಆದರೂ ವಿಮಾನ ಅವನ ಬದಿಗೆ ತುಸು ವಾಲಿತ್ತು. ಕಟ್ಟೆಯ ಮೇಲೆ ಅವನ ನಾಲ್ಕು ವರ್ಷದ ಮಗಳು ಸ್ನೇಹಾ, ಓರಗೆಯ ಹುಡುಗರಿಗಿಂತ ಅರ್ಧ ಗೇಣು ಎತ್ತರವಾಗಿ ನಿಂತು ಕೈಮುಗಿದಳು. ವಾಲಿದ ವಿಮಾನದಲ್ಲಿ ಕಸ್ತೂರೆವ್ವ, ಹೊಗೆಯಾಡುವ ಆ ಒಂದು ಮನೆಯ ಕಡೆಗೆ ಬಗ್ಗಿ ನೋಡುತ್ತ ಹೋದಳು.