ಉಡಕ್ಕೊಂದು ಉಡದಾರ

ನಾನು ಉಡ. ಹಲ್ಲಿಯ ದೊಡ್ಡವ್ವನಲ್ಲ, ಮೊಸಳೆಯ ಮರಿಯೂ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಮನೆಯ ಮುಂದೆ ಬಂದು ನಿಲ್ಲುವವರಲ್ಲಿ ಅರ್ಧ ಜನ ಈ ಎರಡರಲ್ಲಿ ಒಂದನ್ನು ಹೇಳಿಯೇ ಮುಂದೆ ಹೋಗುತ್ತಾರೆ. ಉಳಿದರ್ಧ ಜನ ಬಲ್ಲವರು. ಹಿಂದೆ ಕೋಟೆ ಹತ್ತುವವರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಎಸೆಯುತ್ತಿದ್ದರಂತೆ, ಅದು ಒಮ್ಮೆ ಹಿಡಿಯಿತೆಂದರೆ ಆನೆ ಎಳೆದರೂ ಬಿಡುತ್ತಿರಲಿಲ್ಲವಂತೆ ಎಂದು ಮಕ್ಕಳಿಗೆ ಕಥೆ ಕಟ್ಟುತ್ತಾರೆ. ನಾನು ಬಿಸಿಲು ಕಾಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಉಗುರೇ ನೆಟ್ಟಗಿಲ್ಲದ ಉಡದ ಮುಂದೆ ಹಿಡಿತದ ಪುರಾಣ ಹೇಳುವವರಿಗೆ ಏನೆನ್ನೋಣ ಹೇಳಿ.

ನಾನು ಹುಟ್ಟಿದ್ದು ಹುತ್ತದೊಳಗೆ. ನಮ್ಮ ತಾಯಂದಿರು ಗೆದ್ದಲಿನ ಹುತ್ತವನ್ನು ಅಗೆದು, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ತಮ್ಮ ದಾರಿ ಹಿಡಿಯುತ್ತಾರೆ. ಒಡೆದ ಗೋಡೆಯನ್ನು ಗೆದ್ದಲೇ ಮತ್ತೆ ಕಟ್ಟುತ್ತದೆ, ಕಾವನ್ನು ಹುತ್ತವೇ ಕೊಡುತ್ತದೆ. ಮಳೆ ಬಿದ್ದು ಗೋಡೆ ಮೆತ್ತಗಾದಾಗ ನಾನು ಹೊರಗೆ ತಲೆ ಹಾಕಿದೆ. ತಾಯಿಯ ಮುಖ ನೋಡಲಿಲ್ಲ. ಅದಕ್ಕೆ ನನಗೆ ಬೇಸರವೇನಿಲ್ಲ, ನಮ್ಮ ಕುಲದ ರೀತಿಯೇ ಅದು. ಆದರೆ ಆ ಕತ್ತಲು, ಆ ಬೆಚ್ಚನೆಯ ಮಣ್ಣಿನ ವಾಸನೆ ಮೂಗಿನಲ್ಲಿ ಉಳಿದುಬಿಟ್ಟಿತು.

ಎಲೆಯಡಿ ಹುಳ ಹುಡುಕುತ್ತ ರಸ್ತೆಯ ಬದಿಯ ಕಲ್ಲುರಾಶಿ ಸೇರಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಮೈಲಾರಪ್ಪ. ಗದಗಿಗೆ ಹೋಗುವ ರಸ್ತೆಯಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಮದುವೆ ಕೂಡಿಬಂದಿರಲಿಲ್ಲ, ಮನೆಯಲ್ಲಿ ಅವನು ಮತ್ತು ಅವನ ಮುದಿ ತಾಯಿ ಬಸಲಿಂಗವ್ವ, ಇಬ್ಬರೇ. ಅಂಗೈಯಗಲದ ನನ್ನನ್ನು ಅವಳ ಉಡಿಯಲ್ಲಿ ಹಾಕಿ, ಇವನ ಹೆಸರು ಭೀಮ ಎಂದ. ನಾನು ಗಂಡೆಂದು ಅವನಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು. ಬಾಲ ಎತ್ತಿ ನೋಡಿದವರೂ ಇಲ್ಲ, ನೋಡಿದ್ದರೂ ತಿಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ.

ಬಸಲಿಂಗವ್ವ ಆ ಹೆಸರನ್ನು ನಂಬಿದಳು. ನಂಬಿದ ಮೇಲೆ ಮಾಡಬೇಕಾದದ್ದನ್ನು ಮಾಡಲೇಬೇಕಲ್ಲ. ಕರಿ ದಾರ ಹೊಸೆದು ನನ್ನ ಸೊಂಟಕ್ಕೆ ಉಡದಾರ ಕಟ್ಟಿಬಿಟ್ಟಳು.

"ಗಂಡಸಂದ ಮ್ಯಾಲ ಉಡದಾರ ಇರದಿದ್ರ ಹೆಂಗ? ಅದರಾಗ ಇಂವ ಉಡ ಬ್ಯಾರೆ" ಎಂದು ತನ್ನ ಮಾತಿಗೆ ತಾನೇ ನಕ್ಕಳು. ಓಣಿಯವರೆಲ್ಲ ಬಂದು ಉಡದ ಉಡದಾರ ನೋಡಿ ನಕ್ಕು ಹೋದರು.

ಅವರು ನನ್ನನ್ನು ಪ್ರೀತಿಯಿಂದ ಸಾಕಿದರು. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ. ಹಾಲು ಅನ್ನ, ಮಂಡಕ್ಕಿ, ಸಂಜೆಗೆ ಮಿರ್ಚಿ ಬಜಿಯ ತುಣುಕು. ಉಡಕ್ಕೆ ಹುಳ, ಇಲಿ, ಮೊಟ್ಟೆ, ಎಲುಬು ಬೇಕು ಎಂದು ಅವರಿಗೆ ಹೇಳುವವರು ಯಾರು? ಅಂಗಡಿಯ ನೆರಳಲ್ಲೇ ಬೆಳೆದೆ, ಬಿಸಿಲು ಕಂಡದ್ದು ಕಡಿಮೆ. ಹಿಂಗಾಲಿನ ಎಲುಬು ಸೊಟ್ಟಗಾಯಿತು. ಟ್ಯೂಬುಗಳ ಮೇಲೆ ಹತ್ತಿ ಗೀರುತ್ತೇನೆಂದು ಮೈಲಾರಪ್ಪ ನನ್ನ ಉಗುರು ಕತ್ತರಿಸಿದ. ನೋವಾಗಬಾರದೆಂದು ಕೊಬ್ಬರಿ ಎಣ್ಣೆ ಹಚ್ಚಿಯೇ ಕತ್ತರಿಸಿದ, ಆದರೆ ಬುಡಕ್ಕೇ ಕತ್ತರಿಸಿದ. ಅವು ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ.

ಬಸಲಿಂಗವ್ವ ತೀರಿಕೊಂಡಳು. ಅಷ್ಟರಲ್ಲಿ ನಾನು ಮೊಳದುದ್ದ ದಾಟಿದ್ದೆ. ಬದುಕಿದ್ದಾಗ ಅವಳೇ ದಾರವನ್ನು ಆಗಾಗ ಸಡಿಲಿಸಿ ಕಟ್ಟುತ್ತಿದ್ದಳು. ಅವಳು ಹೋದ ಮೇಲೆ ಮೈಲಾರಪ್ಪ ಅದನ್ನು ಮುಟ್ಟಲಿಲ್ಲ. ಅವ್ವನ ಕೈಯ ಕಡೆಯ ಗಂಟು, ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ನಾನು ದಪ್ಪಗಾದೆ, ದಾರ ಇದ್ದಷ್ಟೇ ಇತ್ತು. ಮೊದಲು ಚರ್ಮಕ್ಕೆ ಇಳಿಯಿತು, ಆಮೇಲೆ ಮಾಂಸಕ್ಕೆ. ಗಾಯದ ಮೇಲೆ ನೊಣ ಕೂರತೊಡಗಿದಾಗ ಮೈಲಾರಪ್ಪ ನನ್ನನ್ನು ಬುಟ್ಟಿಯಲ್ಲಿಟ್ಟು, ಮೇಲೆ ಗೋಣಿಚೀಲ ಮುಚ್ಚಿ, ಸೈಕಲ್ಲಿಗೆ ಕಟ್ಟಿ, ಗುಡ್ಡದ ಬದಿಯ ಪ್ರಾಣಿ ರಕ್ಷಣಾ ಕೇಂದ್ರಕ್ಕೆ ತಂದ. ಉಡ ಸಾಕುವುದು ಅಪರಾಧವೆಂದು ಅಷ್ಟು ಹೊತ್ತಿಗೆ ಅವನಿಗೆ ಗೊತ್ತಾಗಿತ್ತು. ದಾರಿಯಲ್ಲಿ ನನ್ನನ್ನು ಪೊದೆಗೆ ಬಿಟ್ಟು ಹೋಗಬಹುದಿತ್ತು. ಬಿಡಲಿಲ್ಲ.

"ಡಾಕ್ಟರಬಾಯಾರ, ಕೇಸ್ ಹಾಕೂದಿದ್ರ ಹಾಕ್ರಿ. ಮೊದಲ ಇವನ್ನ ಉಳಸ್ರಿ" ಎಂದ.

ಕೇಂದ್ರದ ಡಾಕ್ಟರ್ ವನಮಾಲಾ ಕತ್ತರಿ ಹಿಡಿದಾಗ ಅವನು ಗೋಡೆಯ ಕಡೆ ತಿರುಗಿ ನಿಂತ. ಅವ್ವ ಕಟ್ಟಿದ್ದು ಎಂದಷ್ಟೇ ಹೇಳಿದ. ಆಕೆ ದಾರ ಕತ್ತರಿಸಿ, ತೊಳೆದು, ಅವನ ಕೈಗೆ ಕೊಟ್ಟರು. ಅವನು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಕೇಸೂ ಆಯಿತು, ಕೋರ್ಟಿಗೂ ಅಲೆದ. ಅದರ ಬಗ್ಗೆ ನನ್ನ ಮುಂದೆ ಅವನು ಎಂದೂ ಗೊಣಗಿದ್ದಿಲ್ಲ.

ಸೊಟ್ಟ ಕಾಲು, ಮೊಂಡ ಉಗುರಿನ ನಾನು ಕಾಡಿಗೆ ಹೋದರೆ ಮೊದಲ ನಾಯಿಯ ಬಾಯಿಗೇ ತುತ್ತು. ಹಾಗಾಗಿ ನನಗೆ ಅಲ್ಲಿಯೇ ಒಂದು ಮನೆ ಕಟ್ಟುವುದೆಂದಾಯಿತು. ಆ ಮನೆಯ ಬಗ್ಗೆ ಎಲ್ಲರಿಗೂ ಒಂದೊಂದು ಸಲಹೆ. ಉಡ ಎಂದರೆ ಹತ್ತುತ್ತದೆ ಎಂದು ಗೋಡೆ ಎತ್ತರಿಸಿದರು. ಉಡ ಎಂದರೆ ತೋಡಿಕೊಂಡು ಹೋಗುತ್ತದೆ ಎಂದು ನೆಲಕ್ಕೆ ಸಿಮೆಂಟು ಬಡಿದರು, ಮೇಲೆ ಒಂದು ಗೇಣು ಮಣ್ಣು ಹರಡಿದರು. ಬಿಸಿಲು ಕಾಯಲು ಬಂಡೆ, ಮುಳುಗಲು ನೀರಿನ ತೊಟ್ಟಿ, ಹತ್ತಲು ಜಾಲಿಯ ಬೊಡ್ಡೆ. ನೋಡಲು ಚಂದವಿತ್ತು. ಬಿಸಿಲು ಸಿಕ್ಕಿತು, ಇಲಿ ಸಿಕ್ಕಿತು, ಮೈ ತುಂಬಿತು. ನನ್ನನ್ನು ನೋಡಿಕೊಳ್ಳುವ ಗುರವ್ವ ದಿನವೂ ಬೈಯುತ್ತಲೇ ತಿನ್ನಲು ಹಾಕುತ್ತಿದ್ದಳು. ಮೈಲಾರಪ್ಪ ಹಬ್ಬಹರಿದಿನಕ್ಕೆ ಬಂದು ಜಾಲರಿಯ ಆಚೆ ನಿಂತು ಹೋಗುತ್ತಿದ್ದ. ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದರಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ. ನಾನು ನಾಲಿಗೆ ಚಾಚಿ ಗಾಳಿಯಲ್ಲಿ ಅವನ ವಾಸನೆ ಹಿಡಿಯುತ್ತಿದ್ದೆ. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ.

ಆ ವರ್ಷ ಮಳೆಗಾಲ ಹಿಡಿದ ಮೇಲೆ ನನ್ನ ಹೊಟ್ಟೆ ಭಾರವಾಗತೊಡಗಿತು. ತಿನ್ನುವುದನ್ನು ಬಿಟ್ಟೆ. ಮಣ್ಣು, ಮಣ್ಣು, ಆಳದ ಮಣ್ಣು ಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ತೋಡಿದೆ, ಸಿಮೆಂಟು. ಇನ್ನೊಂದು ಮೂಲೆಯಲ್ಲಿ ತೋಡಿದೆ, ಅಲ್ಲಿಯೂ ಸಿಮೆಂಟು. ಮೊಂಡ ಉಗುರುಗಳಿಂದ ರಕ್ತ ಬಂದರೂ ಬಿಡಲಿಲ್ಲ. ಜಂತುವಿರಬೇಕೆಂದು ಡಾಕ್ಟರ್ ಔಷಧಿ ಕೊಟ್ಟರು. ಭೀಮ ಎಂಬ ಹೆಸರಿನ ಪ್ರಾಣಿಗೆ ಹೊಟ್ಟೆ ಬಂದರೆ ಇನ್ನೇನು ತಾನೇ ಅಂದುಕೊಂಡಾರು?

ಗುರವ್ವ ಒಂದು ದಿನ ನಾನು ಕೆದರಿದ ಮಣ್ಣನ್ನು ಗುಡಿಸುತ್ತ ಸಿಡಿಮಿಡಿಗುಟ್ಟಿದಳು. "ಏನ್ ಗಂಡಸಪಾ ಇಂವ, ದಿನಾ ತುಂಬಿದ ಬಸುರಿಗತೆ ಮೂಲಿ ಮೂಲಿ ಹುಡುಕ್ತಾನ."

ಅವಳು ಹೇಳಿದ್ದು ತಮಾಷೆಗೆ. ಡಾಕ್ಟರ್ ಮೊದಲು ನಕ್ಕರು, ನಗುತ್ತ ನಗುತ್ತಲೇ ಬಗ್ಗಿ ನನ್ನ ಹೊಟ್ಟೆ ನೋಡಿದರು. ನನ್ನನ್ನು ಎತ್ತಿಸಿ ಒಳಗೆ ಒಯ್ದು, ಹಸುಗಳ ಗಬ್ಬ ನೋಡುವ ಯಂತ್ರವನ್ನು ಹೊಟ್ಟೆಗೆ ಹಚ್ಚಿದರು. ಒಳಗೆ ಸಾಲು ಮೊಟ್ಟೆ. ಇಡಲು ಜಾಗ ಸಿಗದಿದ್ದರೆ ಉಡ ಮೊಟ್ಟೆ ಇಡುವುದಿಲ್ಲ, ಇಡದಿದ್ದರೆ ಅವು ಒಳಗೇ ಕೊಳೆತು ಇವಳು ಸಾಯುತ್ತಾಳೆ ಎಂದು ಗುರವ್ವನಿಗೆ ತಿಳಿಸಿದರು. ಕಾಯುವಷ್ಟು ದಿನ ಉಳಿದಿಲ್ಲ, ಇವತ್ತೇ ಸಿಮೆಂಟು ಒಡೆದು ಹುತ್ತದಂಥದ್ದೊಂದನ್ನು ಕಟ್ಟಬೇಕು ಎಂದರು.

ಆದರೆ ಅದು ಪಂಚಮಿ ಹಬ್ಬದ ಹೊತ್ತು. ನಮ್ಮ ಕಡೆ ಪಂಚಮಿಗೆ ನೆಲ ಅಗೆಯುವುದಿಲ್ಲ. ಒಳಗೆ ನಾಗಪ್ಪನಿಗೆ ಏಟು ಬಿದ್ದೀತೆಂದು ರೈತರು ನೇಗಿಲನ್ನೇ ಮುಟ್ಟುವುದಿಲ್ಲ. ಕೆಲಸದವರು ಊರಿಗೆ ಹೋಗಿದ್ದರು. ಇದ್ದ ಗುರವ್ವ ಗುದ್ದಲಿ ಹಿಡಿಯಲು ಒಲ್ಲೆನೆಂದಳು. ಮಕ್ಕಳೊಂದಿಗಳು ತಾನು, ಇದೊಂದನ್ನು ಮಾತ್ರ ಹೇಳಬೇಡಿ ಎಂದು ಕಣ್ಣೀರು ಹಾಕಿದಳು. ಡಾಕ್ಟರ್ ಸೆರಗು ಕಟ್ಟಿ ತಾವೇ ಹಾರೆ ಎತ್ತಿದರು. ನಾಲ್ಕು ಏಟಿಗೆ ಕೈಗೆ ಬೊಬ್ಬೆ ಬಂದವು, ಸಿಮೆಂಟಿಗೆ ಒಂದು ಚುಕ್ಕೆಯಷ್ಟೂ ಗಾಯವಾಗಲಿಲ್ಲ.

ಅಷ್ಟರಲ್ಲಿ ಹಬ್ಬದ ಉಂಡಿ ಹಿಡಿದುಕೊಂಡು ಮೈಲಾರಪ್ಪ ಬಂದ. ವಿಷಯ ತಿಳಿದು ಉಂಡಿಯ ಡಬ್ಬಿಯನ್ನು ಹಿಡಿದಂತೆಯೇ ನಿಂತುಬಿಟ್ಟ. ಭೀಮ ಹೆಣ್ಣು. ಭೀಮ ಬಸುರಿ. ನನ್ನನ್ನೊಮ್ಮೆ, ಸಿಮೆಂಟನ್ನೊಮ್ಮೆ ನೋಡಿದ. ಆಮೇಲೆ ಡಬ್ಬಿಯನ್ನು ಗುರವ್ವನ ಕೈಗಿತ್ತು ಅಂಗಿಯ ತೋಳು ಮಡಚಿದ.

"ಚೊಚ್ಚಲ ಹೆರಿಗಿ ತವರಮನಿದು, ಗುರವ್ವ. ಪಂಚಮಿಗೆ ಮಗಳು ತವರಾಗ ಇದ್ದಾಗ ಹೆರಾಕ ಜಾಗಾ ಇಲ್ಲ ಅನ್ಲೇನು ನಾನು?"

ನಾಗಪ್ಪನ ಸಿಟ್ಟಿನ ಮಾತೆತ್ತಿದಳು ಗುರವ್ವ. ಮೈಲಾರಪ್ಪ ಹಾರೆಯನ್ನು ಕೈಯಲ್ಲಿ ತೂಗಿ ನೋಡುತ್ತ, "ಇದು ಸಿಮೆಂಟ್ ಬಿಡವಾ, ನೆಲ ಅಲ್ಲ. ಸಿಮೆಂಟಿನ್ಯಾಗ ನಾಗಪ್ಪ ಯಾಕ ಇರ್ತಾನ?" ಎಂದ.

ಲಾರಿಯ ಟೈರು ಬಿಚ್ಚಿದ ತೋಳುಗಳು ಅವು. ಮಧ್ಯಾಹ್ನದೊಳಗೆ ಮೂಲೆಯ ಸಿಮೆಂಟು ಎದ್ದುಬಂತು. ತೋಟಕ್ಕೆಂದು ಎಂದೋ ತರಿಸಿದ್ದ ಕೆಂಪುಮಣ್ಣಿನ ಗುಡ್ಡೆ ಹೊರಗೆ ಬಿದ್ದಿತ್ತು. ಅಗೆದಿಟ್ಟ ಮಣ್ಣನ್ನು ಹೊರಲು ಯಾವ ದೋಷವೂ ಇಲ್ಲವೆಂದು ಗುರವ್ವ ತಾನೇ ತೀರ್ಪು ಕೊಟ್ಟುಕೊಂಡು ಬುಟ್ಟಿ ಎತ್ತಿದಳು. ಡಾಕ್ಟರ್ ನೀರು ಚಿಮುಕಿಸಿದರು, ಮೂವರೂ ತುಳಿದರು, ಬಡಿದರು. ಗುರವ್ವನ ಎದೆಯೆತ್ತರಕ್ಕೆ ಹುತ್ತವೊಂದು ಎದ್ದು ನಿಂತಿತು. ನಾನು ಬೊಡ್ಡೆಯ ಹಿಂದಿನಿಂದ ನಾಲಿಗೆ ಚಾಚಿದೆ. ಹಳೆಯ ವಾಸನೆ ಬಂತು.

ಮರುದಿನ ಹಾಲೆರೆಯುವ ದಿನ. ಬೆಳಕು ಹರಿಯುವ ಮುಂಚೆಯೇ ನಾನು ಹುತ್ತದೊಳಗಿದ್ದೆ. ಗುರವ್ವ ಕೆಲಸಕ್ಕೆ ಬಂದವಳು ಹುತ್ತವನ್ನು ಕಂಡಳು. ಮೊನ್ನೆ ಹೊರಗೆ ಬಿದ್ದಿದ್ದ ಮಣ್ಣು, ನಿನ್ನೆ ತಾನೇ ಬಡಿದ ಹುತ್ತ. ಆದರೂ ಪಂಚಮಿಯ ದಿನ ಹುತ್ತ ಕಂಡರೆ ಕೈ ಸುಮ್ಮನಿರುತ್ತದೆಯೇ? ಮನೆಯ ಪೂಜೆಗೆಂದು ತಂದಿದ್ದ ಹಾಲಿನ ಗಿಂಡಿ ತೆಗೆದಳು, ಅರಿಸಿನ ಹಚ್ಚಿದ ಹಂಗನೂಲನ್ನು ಹುತ್ತಕ್ಕೆ ಏರಿಸಿದಳು, ದೇವರ ಹಾಲು, ಹಿರಿಯರ ಹಾಲು, ಮಕ್ಕಳ ಹಾಲು ಎನ್ನುತ್ತ ಬಾಯಿಗೆ ಎರೆದಳು. ನಾನು ಒಳಗೆ ಆಗಷ್ಟೇ ಕಡೆಯ ಮೊಟ್ಟೆ ಇಟ್ಟಿದ್ದೆ. ಬೆನ್ನ ಮೇಲೆ ತಣ್ಣನೆಯ ಹಾಲು ಬಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಇದ್ದಬದ್ದ ಉಸಿರೆಲ್ಲ ಸೇರಿಸಿ ಬುಸ್ ಎಂದೆ.

ಗಿಂಡಿ ಒಂದು ಕಡೆ, ಗುರವ್ವ ಒಂದು ಕಡೆ. ಸಾಕ್ಷಾತ್ ನಾಗಪ್ಪನೇ ಬಂದನೆಂದು ಕೂಗುತ್ತ ಡಾಕ್ಟರನ್ನೂ ಮೈಲಾರಪ್ಪನನ್ನೂ ಕರೆತಂದಳು. ರಾತ್ರಿ ಮೈಲಾರಪ್ಪ ಅಲ್ಲಿಯೇ ಜಗಲಿಯಲ್ಲಿ ಮಲಗಿದ್ದ. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಹುತ್ತದ ಬಾಯಿಂದ ಮೂಗಿನ ತುಂಬ ಮಣ್ಣು, ತಲೆಯ ತುಂಬ ಹಾಲು ಮೆತ್ತಿಕೊಂಡ ನಾನು ಹೊರಬಂದೆ. ಹೊಟ್ಟೆ ಇಳಿದಿತ್ತು. ಅವರ ಕಡೆ ನೋಡದೆ ತಿರುಗಿ ನಿಂತು ಹುತ್ತದ ಬಾಯಿಗೆ ಮಣ್ಣು ಎಳೆದು, ಮೂಗಿನಿಂದ ಒತ್ತಿ ಮುಚ್ಚಿದೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಡಾಕ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಗುರವ್ವ ಅವತ್ತಿನಿಂದ ನನ್ನನ್ನು ಭೀಮವ್ವ ಎಂದಳು.

ಗಂಡಿನ ನೆರಳೇ ಬೀಳದ ಮೊಟ್ಟೆಗಳವು, ಮರಿಯಾಗುವುದಿಲ್ಲ ಎಂದು ಡಾಕ್ಟರ್ ಮೆಲ್ಲಗೆ ತಿಳಿಸಿದರು.

"ಇರಲಿ ಬಿಡ್ರಿ ಡಾಕ್ಟರಬಾಯಾರ" ಎಂದ ಮೈಲಾರಪ್ಪ. "ಮಗಳು ಎದ್ದು ಬಂದ್ಲಲ್ಲ, ಅಷ್ಟ ಸಾಕು."

ಕಿಸೆಗೆ ಕೈ ಹಾಕಿ ಅದೇ ಕರಿ ಉಡದಾರವನ್ನು ತೆಗೆದ. ಇಷ್ಟು ವರ್ಷ ಅದು ಅಂಗಿಯಿಂದ ಅಂಗಿಗೆ ಬದಲಾಗುತ್ತ ಅವನ ಜೊತೆಗೇ ಇತ್ತು. ಗುರವ್ವನ ಹಂಗನೂಲಿನ ಪಕ್ಕದಲ್ಲಿ ಅದನ್ನು ಹುತ್ತದ ಮೇಲೆ ಇಟ್ಟ. ಇಟ್ಟು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಜಾಲರಿಯ ಆಚೆಗೆ ಹೋಗಿ ನಿಂತ.

ಆಮೇಲೆ ನನ್ನ ಮನೆಯ ನೆಲವೆಲ್ಲ ಎದ್ದು ಹೋಯಿತು. ಈಗ ಆಳುದ್ದ ಮಣ್ಣಿದೆ, ಸುತ್ತ ಆಳಕ್ಕೆ ಕಲ್ಲಿನ ಗೋಡೆಯಿದೆ, ಎಷ್ಟು ತೋಡಿದರೂ ಅದು ನನ್ನದೇ. ಬೇರೆ ಕಡೆಯಿಂದ ಬಂದ ಗಾಯದ ಉಡಗಳಿಗೂ ಇದೇ ಬಗೆಯ ಮನೆ ಕಟ್ಟಿದ್ದಾರೆ. ನನಗೆ ವಯಸ್ಸಾಯಿತು. ಸೊಂಟದ ಸುತ್ತ ದಾರದ ಗೆರೆ ಇನ್ನೂ ಇದೆ, ಅಲ್ಲಿ ಹುರುಪೆ ಬೆಳೆಯುವುದಿಲ್ಲ. ನೋಡಲು ಬಂದವರು ಕೋಟೆಗೆ ಹಗ್ಗ ಕಟ್ಟಿದ ಗುರುತು ಅದು ಎಂದು ಮಕ್ಕಳಿಗೆ ತೋರಿಸುತ್ತಾರೆ. ತೋರಿಸಲಿ.

ಮೈಲಾರಪ್ಪ ಅಂಗಡಿ ಮುಚ್ಚಿದ್ದಾನೆ. ಕಣ್ಣು ಮಂಜಾಗಿದೆ, ಸೊಲ್ಯೂಷನ್ನಿನ ವಾಸನೆಯೂ ಅವನ ಮೈಯಲ್ಲಿ ತೆಳುವಾಗಿದೆ. ಈ ಸಲ ಕೋಲೂರಿಕೊಂಡು ಬಂದು, ಮಗಳು ಎಲ್ಲಿದ್ದಾಳೆಂದು ಗುರವ್ವನನ್ನು ಕೇಳಿದ. ನಾನು ಯಾರಿಗಾಗಿಯೂ ಬಂಡೆ ಬಿಟ್ಟು ಏಳುವವಳಲ್ಲ. ಎದ್ದೆ. ಸೊಟ್ಟ ಕಾಲೆಳೆಯುತ್ತ ಜಾಲರಿಯ ತನಕ ಹೋಗಿ ನಾಲಿಗೆ ಚಾಚಿದೆ. ಅವನ ಕೈಗಳು ಬೆನ್ನ ಹಿಂದೆಯೇ ಇದ್ದವು.

ಪಂಚಮಿಗೆ ಎಲ್ಲರ ಹೆಣ್ಣುಮಕ್ಕಳೂ ತವರಿಗೆ ಹೋಗುತ್ತಾರೆ. ನನ್ನ ತವರಿಗೆ ಮಾತ್ರ ಅಪ್ಪನೇ ಬರುತ್ತಾನೆ.