ಮಾವನ ಎಡಭುಜ

ಸರ್ಕಾರದವರು ನಮ್ಮ ಹೊಲಿಗೆ ಶೆಡ್ಡಿಗೆ ಬಟ್ಟೆ ಕತ್ತರಿಸೋ ಮಷೀನು ಕೊಟ್ಟರು. ತಂತ್ರಜ್ಞಾನ ವರ್ಗಾವಣೆ ಯೋಜನೆಯಂತೆ. ಒಂದೇ ಷರತ್ತು: ತಿಂಗಳೊಳಗೆ ನಮ್ಮ ಶರ್ಟಿನ ಅಳತೆಗಳೆಲ್ಲ ಕಂಪ್ಯೂಟರಿಗೆ ಹೋಗಬೇಕು, ಇಲ್ಲದಿದ್ದರೆ ಮಷೀನು ಪಕ್ಕದ ಬೀದಿಯವರ ಪಾಲು. ಅಳತೆಗಳಿದ್ದದ್ದು ಅತ್ತೆ ಕತ್ತರಿಸಿಟ್ಟ ರಟ್ಟುಗಳಲ್ಲಿ. ಆ ರಟ್ಟುಗಳನ್ನು ಅತ್ತೆ ಜಪ್ಪಯ್ಯ ಅಂದರೂ ಕೊಡಲಿಲ್ಲ.

ನನಗೆ ಮಷೀನು ಬೇಕೇ ಬೇಕಿತ್ತು. ಕಟಿಂಗ್ ಮಾಡೋಳು ನಾನು. ದಪ್ಪ ಕತ್ತರಿ ಹಿಡಿದು ಹಿಡಿದು ಮಣಿಕಟ್ಟು ಹಾಳಾಗಿತ್ತು. ಹೀಗೇ ಮಾಡ್ತಿದ್ದರೆ ಮುಂದೆ ಲೋಟ ಎತ್ತೋಕೂ ಆಗಲ್ಲ ಅಂತ ಡಾಕ್ಟರು ಹೇಳಿದ್ದರು. ಗಂಡನಿಗೆ ಹೇಳಿದರೆ, ನೀನುಂಟು ನಿಮ್ಮತ್ತೆಯುಂಟು ಅಂತ ಇಸ್ತ್ರಿ ಮೇಜಿನ ಹಿಂದೆ ಸೇರಿಕೊಂಡ. ಪುಣ್ಯಾತ್ಮ. ಕೊನೆಗೆ ಒಂದು ಸಂಜೆ ಬಾತುಕೊಂಡ ಕೈಯನ್ನ ಅತ್ತೆಯ ಮುಂದೆ ಚಾಚಿದೆ. ಮಾತಾಡಿದ್ದರೆ ಜಗಳವೇ ಆಗ್ತಿತ್ತು. ಅತ್ತೆ ಕೈ ನೋಡಿದರು. ಎದ್ದು ಹೋಗಿ ರಟ್ಟಿನ ಗಂಟು ತಂದು ಮೇಜಿನ ಮೇಲಿಟ್ಟರು.

ಕಲಿಸೋಕೆ ಬಂದ ಇಲಾಖೆಯ ಹುಡುಗಿಯನ್ನು ಬೈಯೋಣವೆಂದರೆ ಒಳ್ಳೆಯವಳು. ರಟ್ಟನ್ನು ಕಂಪ್ಯೂಟರಿಗೆ ಏರಿಸಿ, ಎಡಭುಜ ಅರ್ಧ ಇಂಚು ಇಳಿದಿದೆಯಲ್ಲ, ಯಾಕೆ ಅಂತ ಕೇಳಿದಳು. ನಾನು ಇಷ್ಟು ವರ್ಷ ಅದನ್ನೇ ಕತ್ತರಿಸಿದವಳು, ಶರ್ಟು ಅಂದರೆ ಹಾಗೇ ಅಂದುಕೊಂಡಿದ್ದೆ. ಹಾಕಿಕೊಳ್ಳೋರೂ ಹಾಗೇ ಅಂದುಕೊಂಡಿದ್ದರು.

ಮೊದಲ ರಟ್ಟು ಮಾವನ ಮೈಮೇಲಿಟ್ಟು ಗುರುತು ಹಾಕಿದ್ದು ಅಂದರು ಅತ್ತೆ. ಬಟ್ಟೆಯ ಥಾನು ಹೊತ್ತು ಹೊತ್ತು ಮಾವನ ಎಡಭುಜ ಜಗ್ಗಿತ್ತಂತೆ. ಉಳಿದ ಸೈಜುಗಳೆಲ್ಲ ಅದನ್ನೇ ಹಿಗ್ಗಿಸಿ ಕುಗ್ಗಿಸಿ ಮಾಡಿದ್ದು. ಮಾವ ಹೋಗಿ ಎಷ್ಟೋ ಕಾಲವಾಗಿತ್ತು. ಊರಿನ ಅರ್ಧಕ್ಕರ್ಧ ಗಂಡಸರು ಇನ್ನೂ ಅವರ ಭುಜ ಹಾಕಿಕೊಂಡು ಓಡಾಡುತ್ತಿದ್ದರು.

ಎರಡೂ ಕಡೆ ಸಮ ಇದ್ದರೆ ಮಾತ್ರ ಇಲಾಖೆ ಒಪ್ಪೋದು ಅಂದಳು ಹುಡುಗಿ. ಬಲಗಡೆಯದನ್ನೇ ಎಡಕ್ಕೂ ಹಾಕಬೇಕು, ಒಂದು ಗುಂಡಿ ಒತ್ತಿದರೆ ಸಾಕು. ಒತ್ತಬೇಕಾದವಳು ನಾನು. ಅತ್ತೆಯ ಮುಖ ನೋಡಿದೆ.

"ನನ್ನನ್ನೇನು ನೋಡ್ತೀಯಾ?" ಅಂದರು. "ಕೈ ನಿಂದು."

ಒತ್ತಿದೆ.

ಮಷೀನು ಕತ್ತರಿಸಿದ ಮೊದಲ ಶರ್ಟನ್ನು ಅತ್ತೆಯೇ ಹೊಲಿದರು. ಎರಡೂ ಭುಜ ಹಿಡಿದು ಬೆಳಕಿಗೆ ಎತ್ತಿ ತುಂಬಾ ಹೊತ್ತು ನೋಡಿದರು. ಬೈತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಮಾತು ಆಡಬಹುದಿತ್ತು.

"ಚೆನ್ನಾಗಿದೆ ಕಣೇ," ಅಂದರು. "ಇನ್ಮೇಲೆ ಯಾರಿಗೆ ಬೇಕಾದರೂ ಆಗುತ್ತೆ."